ಮೂರು ಸಲ ಬೇಡ

ಬಡಿಸಲು ಬಂದವರಿಗೆ ಮೊದಲ ಸಲವೇ ‘ಹಾಕಿ’ ಎನ್ನುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ನನಗಂತೂ ಹದಿನೆಂಟು ತುಂಬುವವರೆಗೆ ಇರಲಿಲ್ಲ. ನಮ್ಮ ಹೆಗ್ಗದ್ದೆ ಕಡೆ ಊಟಕ್ಕೆ ಕೂತವನು ಮೂರು ಸಲ ಬೇಡ ಎನ್ನಬೇಕು. ಮೊದಲ ಸಲ ಬರೀ ಬಾಯಲ್ಲಿ. ಎರಡನೆಯ ಸಲ ಹೊಟ್ಟೆ ಸವರಿಕೊಂಡು. ಮೂರನೆಯ ಸಲ ತಟ್ಟೆಗೆ ಅಂಗೈ ಅಡ್ಡ ಹಿಡಿದು. ಆಗ ಬಡಿಸುವವರು, “ಏನ್ ತಿಂದ್ರಿ ಮಾರಾಯ್ರೆ, ಸುಮ್ನಿರಿ” ಎಂದು ಗದರಿ, ಕೈಯನ್ನು ಪಕ್ಕಕ್ಕೆ ತಳ್ಳಿ ಎರಡು ಕಡುಬು ಹಾಕಿಬಿಡುತ್ತಾರೆ. ಅವರಿಗೂ ಸಮಾಧಾನ, ನಮಗೂ ಹೊಟ್ಟೆ ತುಂಬ. “ಕೇಳಿದ ತಕ್ಷಣ ಹಾಕಿ ಅಂದ್ಬುಟ್ರೆ ಮನೇಲಿ ಅನ್ನ ಕಾಣ್ದೋನು ಅನ್ಕತಾರೆ ಕಣೋ” ಎಂದು ಅವ್ವ ನನಗೆ ಅಕ್ಷರಕ್ಕಿಂತ ಮೊದಲು ಕಲಿಸಿದ ಪಾಠ ಇದು.

ಈ ವಿದ್ಯೆಯನ್ನು ನಂಬಿಕೊಂಡು ತೊಂಬತ್ತರ ದಶಕದ ನಡುವಿನಲ್ಲಿ ನಾನು ಸಕಲೇಶಪುರದಲ್ಲಿ ಕಾಲೇಜಿಗೆ ಸೇರಿ, ಹಾಸ್ಟೆಲ್ಲಿನಲ್ಲಿ ಟ್ರಂಕು ಇಳಿಸಿದೆ. ಮೆಸ್ಸಿನ ಭಟ್ಟರು ಘಟ್ಟದ ಕೆಳಗಿನವರು. ಬೆಳ್ಳಗಿನ ಪಂಚೆ, ಕೈಯಲ್ಲಿ ಅನ್ನದ ಬಕೆಟ್ಟು. ಮೊದಲ ದಿನ ಮಧ್ಯಾಹ್ನ ಸಾಲಾಗಿ ಕೂತಿದ್ದೆವು. ಮೊದಲ ಅನ್ನ ಮುಗಿಯಿತು. ಭಟ್ಟರು ಮತ್ತೆ ಬಂದು “ಅನ್ನ?” ಎಂದರು. ನಾನು ಸಂಪ್ರದಾಯದಂತೆ “ಬೇಡ” ಎಂದೆ. “ಬೇಡವಾ? ಆಯ್ತು” ಎಂದು ಅವರು ಮುಂದಿನವನ ಹತ್ತಿರ ಹೋಗಿಯೇಬಿಟ್ಟರು. ಇನ್ನೂ ಎರಡು ಸಲ ಬೇಡ ಎನ್ನುವುದು ಬಾಕಿ ಇತ್ತಲ್ಲ, ಅದಕ್ಕೆ ತಿರುಗಿ ಬಂದಾರು ಎಂದು ಕೈ ಒಣಗಿಸಿಕೊಂಡು ಕೂತೆ. ಅವರು ಸಾಲಿನ ಕೊನೆ ಮುಟ್ಟಿ ಅಡಿಗೆಮನೆ ಸೇರಿದರು. ಮರುದಿನ ಹೆಚ್ಚು ಹಸಿವಾಗಿದ್ದರಿಂದ ಇನ್ನೂ ಗಟ್ಟಿಯಾಗಿ ಬೇಡ ಎಂದೆ. ಅವರು ಇನ್ನೂ ಬೇಗ ಮುಂದೆ ಹೋದರು.

ಮೆಸ್ಸು ಬಿಟ್ಟರೆ ಬೇರೆ ದಾರಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಧಾರಾಳವಾಗಿ ಇತ್ತು. ಕಾಲೇಜಿನೊಳಗೇ ಕ್ಯಾಂಟೀನ್ ಇತ್ತು. ಅಲ್ಲಿ ಬೋಂಡಾ ಮುಗಿದ ಮೇಲೆ ನಮಗೆ ಇಂಟರ್‌ವಲ್ ಬಿಡುತ್ತಿದ್ದರು. ಹೊರಗೆ ಬಸ್‌ಸ್ಟ್ಯಾಂಡ್ ಪಕ್ಕ ಹೋಟೆಲ್ ಇತ್ತು. ಅಲ್ಲಿಯ ಸಪ್ಲೈಯರ್ ಮಂಗಳೂರು ಬಸ್ಸಿನಿಂದ ಇಳಿದವರನ್ನು ಮಾತ್ರ ಮನುಷ್ಯರೆಂದು ಲೆಕ್ಕಕ್ಕೆ ಹಿಡಿಯುತ್ತಿದ್ದ. ನಮ್ಮ ಹತ್ತಿರ ಬಂದಾಗಲೂ ಹತ್ತು ತಿಂಡಿಯ ಹೆಸರು ಒಂದೇ ಉಸಿರಿನಲ್ಲಿ ಒದರುವನು. ನಾನು ಅಭ್ಯಾಸಬಲದಿಂದ “ಏನೂ ಬೇಡ” ಎನ್ನುವೆ. ಅವನು ಮೇಜು ಒರೆಸಿ ನನ್ನನ್ನು ಎಬ್ಬಿಸಿಬಿಡುವನು.

ಉಳಿದದ್ದು ಬಾಳ್ಳುಪೇಟೆಯ ದೊಡ್ಡಮ್ಮನ ಮನೆ. ಶನಿವಾರ ಕಾಲೇಜು ಬಿಟ್ಟ ಕೂಡಲೇ ಬಸ್ಸು ಹತ್ತಿ, “ಹಿಂಗೇ ಪೇಟೆಗೆ ಬಂದಿದ್ದೆ, ನೋಡ್ಕಂಡು ಹೋಗಾಣಾಂತ” ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ದೊಡ್ಡಮ್ಮ ಪುಣ್ಯಾತ್ಗಿತ್ತಿ, ಬೇಡ ಎಂದಷ್ಟೂ ಹಾಕುತ್ತಿದ್ದಳು. ಎಂಟು ಕಡುಬಾದ ಮೇಲೆ ನನ್ನ ಬೇಡಕ್ಕೆ ಸ್ವಲ್ಪ ಅರ್ಥ ಬರುತ್ತಿತ್ತು. ಐದನೆಯ ಶನಿವಾರ ದೊಡ್ಡಪ್ಪ ಜಗಲಿಯಲ್ಲೇ ತಡೆದು, “ಅಲ್ವೋ, ವಾರ ವಾರ ಬಾಳ್ಳುಪೇಟೇಲಿ ನಿಂಗೇನೋ ಕೆಲ್ಸ? ಲಾರಿಗೀರಿ ಇಟ್ಟಿದ್ದೀಯೋ?” ಎಂದರು. ಅವರು ತಮಾಷೆಗೆ ಅಂದದ್ದು. ಆದರೂ ನಾಚಿಕೆಯಾಗಿ ಆಮೇಲೆ ಹೋಗಲಿಲ್ಲ.

ದೀಪಾವಳಿ ರಜೆಗೆ ಊರಿಗೆ ಹೋದಾಗ ಅವ್ವ ನನ್ನ ಕೊರಳೆಲುಬು ಮುಟ್ಟಿ ನೋಡಿ, “ಮೆಸ್ಸಲ್ಲಿ ಸರ್ಯಾಗಿ ಬಡ್ಸಲ್ವೇನೋ?” ಎಂದಳು. “ಬಡಿಸ್ತಾರೆ. ನಾನೇ ಬ್ಯಾಡ ಅಂತೀನಿ” ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ಮಗ ಮನೆತನದ ಮರ್ಯಾದೆ ಉಳಿಸಿದನಲ್ಲ ಎಂಬ ಸಂತೋಷಕ್ಕೆ.

ಕಡೆಗೆ ನನ್ನನ್ನು ಉಳಿಸಿದವನು ರೂಮ್‌ಮೇಟ್ ರಂಗಸ್ವಾಮಿ. ಅರಸೀಕೆರೆ ಕಡೆಯವನು. ಒಂದು ದಿನ ನಾನು ಊಟ ಮುಗಿಸಿ ಬಂದು ಅವನ ಚಕ್ಕುಲಿ ಡಬ್ಬಿ ತೆಗೆಯುತ್ತಿದ್ದಾಗ ಸಿಕ್ಕಿಬಿದ್ದೆ. ಎಲ್ಲ ಕೇಳಿ, “ಲೇ, ಹೊಟ್ಟೆ ಹಸ್ದಿದ್ರೂ ಬ್ಯಾಡ ಅಂತೀಯಲ್ಲ, ನಿಂಗೇನು ತಲೆ ಕೆಟ್ಟೈತಾ?” ಎಂದ. ನನ್ನನ್ನು ಎಳೆದುಕೊಂಡು ಹೋಗಿ ಭಟ್ಟರ ಮುಂದೆ ನಿಲ್ಲಿಸಿದ. ಭಟ್ಟರಿಗೆ ಪಾಪ, ಬೇಸರವೇ ಆಯಿತು. “ನೀವು ಬೇಡ ಅಂತೀರಿ, ನಾನು ಹಾಕುವುದಿಲ್ಲ. ಬೇಡ ಅಂದವರಿಗೆ ಹಾಕಿದರೆ ಅನ್ನ ಬಿಸಾಡ್ಲಿಕ್ಕುಂಟಾ? ನಾನೆಂತ ಮಾಡುವುದು ಹೇಳಿ” ಎಂದರು. ಅಂದಿನಿಂದ ರಂಗಸ್ವಾಮಿ ಖಾಲಿ ಮಗ್ಗು ಹಿಡಿದು ಭಟ್ಟರಾಗಿ ಬಂದು ಬಂದು ನನಗೆ ಅಭ್ಯಾಸ ಮಾಡಿಸಿದ. ಮೊದಮೊದಲು ‘ಹಾಕಿ’ ಎನ್ನುವಾಗ ಕಿವಿ ಕೆಂಪಾಗುತ್ತಿತ್ತು. ಎರಡು ವರ್ಷದಲ್ಲಿ ಎಂಥ ಪಾಂಡಿತ್ಯ ಬಂತೆಂದರೆ, ಬಕೆಟ್ಟಿನ ಸದ್ದು ಕೇಳಿದರೆ ಸಾಕು, ಏನು ಎತ್ತ ನೋಡದೆ ಹಾಕಿ ಎನ್ನುತ್ತಿದ್ದೆ.

ಓದು ಮುಗಿದು ಆಲೂರಿನಲ್ಲಿ ಕೆಲಸವೂ ಸಿಕ್ಕಿತು. ಆನೇಮಹಲಿನಲ್ಲಿ ಹೆಣ್ಣು ನೋಡಲು ಅವ್ವ, ದೊಡ್ಡಪ್ಪನ ಜೊತೆ ಹೋದೆ. ಕಾಫಿ ತಂದಿಟ್ಟ ಹುಡುಗಿ ನನಗೆ ಆ ಕ್ಷಣಕ್ಕೇ ಇಷ್ಟವಾದಳು. ಊಟ ಮಾಡದೆ ಕಳಿಸುವುದಿಲ್ಲವೆಂದು ಕೂರಿಸಿದರು. ಹುಡುಗಿಯ ತಾಯಿ ಕಡುಬಿನ ಪಾತ್ರೆ ಹಿಡಿದು ಬಂದು, “ಇನ್ನೊಂದು ಹಾಕ್ಲಾ?” ಎಂದರು.

“ಹಾಕಿ” ಎಂದುಬಿಟ್ಟೆ.

ಆ ತಾಯಿ ಮೂರು ಸುತ್ತಿನ ಬಲವಂತಕ್ಕೆ ಸಿದ್ಧರಾಗಿ ಬಂದವರು. ಏನು ಮಾಡಬೇಕೋ ತಿಳಿಯದೆ ಹಾಗೇ ನಿಂತರು. ಅವ್ವ ತಲೆ ತಗ್ಗಿಸಿದಳು. ಜೀಪಿನಲ್ಲಿ ಬರುವಾಗ ದೊಡ್ಡಪ್ಪ, “ಹುಡ್ಗಿ ನೋಡಕ್ ಬಂದಿದ್ಯೋ, ಕಡುಬು ನೋಡಕ್ ಬಂದಿದ್ಯೋ? ಸಂಬಂಧ ಕೆಡಿಸ್ಬುಟ್ಟೆ ಕಣೋ” ಎಂದರು. ಎರಡು ವಾರ ಆನೇಮಹಲಿನಿಂದ ಸುದ್ದಿಯೇ ಇಲ್ಲ. ನನಗೆ ಅನ್ನ ಸೇರಲಿಲ್ಲ. ಹಾಳು ಮೆಸ್ಸು ಹಸಿವು ಕಳೆದು ಹುಡುಗಿಯನ್ನೂ ಕಳೆಯಿತಲ್ಲ ಎಂದು ನಿಜಕ್ಕೂ ಅಳು ಬಂದಿತ್ತು. ಮೂರನೆಯ ವಾರ ಒಪ್ಪಿಗೆ ಬಂತು. ಹಟ ಹಿಡಿದು ಒಪ್ಪಿಸಿದವಳು ಹುಡುಗಿಯೇ. ಅವಳು ಹಾಸನದ ಲೇಡೀಸ್ ಹಾಸ್ಟೆಲ್ಲಿನಲ್ಲಿ ಮೂರು ವರ್ಷ ಇದ್ದವಳು. “ಅವ್ರು ಮನೆ ಮರ್ಯಾದೆ ಇಲ್ದೋರಲ್ಲಮ್ಮ, ಮೆಸ್ಸಲ್ಲಿ ಉಂಡೋರು. ನಂಗೆ ಗೊತ್ತಾಗುತ್ತೆ” ಎಂದಳಂತೆ.

ಹೀಗೆ ನನ್ನ ಸಂಸಾರ ಶುರುವಾಯಿತು. ಕಳೆದ ಭಾನುವಾರ ಅವ್ವ ಬಂದಿದ್ದಳು. ಕಡುಬು, ಕೋಳಿ ಸಾರು. ಇಷ್ಟು ವರ್ಷದ ಮೇಲಾದರೂ ಅವಳ ಎದುರು ಮಾನವಾಗಿ ಉಣ್ಣೋಣ ಎನ್ನಿಸಿತು. ಎರಡು ಕಡುಬು ಮುಗಿಯುವಷ್ಟರಲ್ಲಿ ಹೆಂಡತಿ ಪಾತ್ರೆ ತಂದು, “ಹಾಕ್ಲಾ?” ಎಂದಳು.

“ಬೇಡ” ಎಂದೆ.

“ಆಯ್ತು” ಎಂದು ಅವಳು ಒಳಗೆ ಹೋದಳು. ಅವ್ವ ನನ್ನನ್ನು ಹೆಮ್ಮೆಯಿಂದ ನೋಡಿದಳು. ಅಡಿಗೆಮನೆಯಲ್ಲಿ ಪಾತ್ರೆಗೆ ಮುಚ್ಚಳ ಮುಚ್ಚಿದ ಸದ್ದು ಕೇಳಿಸಿತು.