ಗೌರಿ ಕುಡಿದ ಕರಿಪುಡಿ

ಕೊಳಚೆ ನೀರು ಸೋಸುವ ತೆಳು ಪೊರೆ ಪದೇ ಪದೇ ಕಟ್ಟಿಕೊಳ್ಳುತ್ತದೆ. ಈ ಜಾಗತಿಕ ಸಮಸ್ಯೆಗೆ ಅಲೆವೂರಿನ ನನ್ನ ಬಾಡಿಗೆ ಮನೆಯಿಂದಲೇ ಪರಿಹಾರ ಹೊರಡಲಿದೆ ಎಂಬುದರಲ್ಲಿ ನನಗೆ ಆಗ ಎಳ್ಳಷ್ಟೂ ಸಂಶಯವಿರಲಿಲ್ಲ. ಮಣಿಪಾಲದ ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ಹೆಣಗಿ ಕಬ್ಬಿಣದ ನುಣ್ಣಗಿನ ಕರಿಪುಡಿ ತಯಾರಿಸಿದ್ದೆ. ಪುಡಿ ನೀರಿನ ಲೋಳೆಯನ್ನು ಹಿಡಿದುಕೊಳ್ಳುತ್ತದೆ, ಅಯಸ್ಕಾಂತ ಪುಡಿಯನ್ನು ಎಳೆದುಕೊಳ್ಳುತ್ತದೆ, ಪೊರೆ ಸ್ವಚ್ಛವಾಗಿ ಉಳಿಯುತ್ತದೆ. ಸೋಮವಾರ ಪರೀಕ್ಷಕರ ಮುಂದೆ ಇದನ್ನು ತೋರಿಸಿಬಿಟ್ಟರೆ ನನ್ನ ಪಿಎಚ್.ಡಿ. ದಡ ಸೇರುತ್ತಿತ್ತು.

ಅಸಲಿ ಅಡುಗೆಮನೆಯ ನೀರೇ ಬೇಕೆಂದು ಶುಕ್ರವಾರ ಸಂಜೆ ಅಕ್ಕಿ ತೊಳೆದ ನೀರು, ಗಂಜಿತಿಳಿ ಎಲ್ಲವನ್ನೂ ಬಕೆಟಿಗೆ ಸುರಿದು, ಇದ್ದಬದ್ದ ಪುಡಿಯನ್ನೆಲ್ಲ ಕದಡಿ ಹಿಂಬಾಗಿಲಲ್ಲಿ ಇಟ್ಟೆ.

"ಅದನ್ನು ಅಲ್ಲಿ ಎಂತಕ್ಕೆ ಇಡುವುದು?" ಎಂದಳು ಹೆಂಡತಿ ವನಜ.

"ನಿನಗೆ ಅರ್ಥವಾಗುವುದಿಲ್ಲ," ಎಂದೆ.

ಬೆಳಿಗ್ಗೆ ನೋಡಿದರೆ ಬಕೆಟ್ ತೊಳೆದು ಬೋರಲು ಹಾಕಿತ್ತು.

"ಗಿರಿಜಕ್ಕ ದನಕ್ಕೆ ಅಕ್ಕಚ್ಚು ಕೊಂಡುಹೋದರು. ದಿನಾ ಅಲ್ಲಿಂದಲೇ ಅಲ್ವಾ?" ಎಂದಳು ವನಜ. ನೆರೆಮನೆಯ ಗಿರಿಜಕ್ಕ ಸುತ್ತಲಿನ ಮನೆಗಳ ಗಂಜಿತಿಳಿ, ತರಕಾರಿ ಸಿಪ್ಪೆ ಒಯ್ಯುವುದು ಊರಿಗೆಲ್ಲ ಗೊತ್ತಿತ್ತು. ಜಾಗತಿಕ ಸಮಸ್ಯೆಯ ನಡುವೆ ನಾನು ಮರೆತಿದ್ದೆ.

ಅವರ ಹಟ್ಟಿಗೆ ಓಡಿದೆ. ಅವರ ದನ ಗೌರಿ ಬಾನಿಯ ತಳ ನೆಕ್ಕುತ್ತಿದ್ದಳು.

"ಎಂತ ಪಾಯಸ ಮಾಸ್ಟ್ರೇ, ತಳ ಹಿಡಿದದ್ದಾ? ಒಂದು ತೊಟ್ಟು ಬಿಡಲಿಲ್ಲ," ಎಂದರು ಗಿರಿಜಕ್ಕ.

ವಿಷಯ ಹೇಳಿದೆ. ಅವರು ದನದ ಕೊರಳು ಹಿಡಿದು ನಿಂತುಬಿಟ್ಟರು. ನನಗೂ ನಿಜಕ್ಕೂ ಹೆದರಿಕೆಯಾಯಿತು. ಮನೆಗೆ ಬಂದು ಪಶುವೈದ್ಯರಿಗೆ ಫೋನ್ ಮಾಡಿದೆ.

"ಕಬ್ಬಿಣ ಅಲ್ವಾ ಮಾರಾಯ್ರೆ? ಎಂತ ಆಗುವುದಿಲ್ಲ. ಸೆಗಣಿಯಲ್ಲಿ ಹೋಗ್ತದೆ," ಎಂದರು.

ಹೋಗುತ್ತದೆ! ಹೋದ ಜೀವ ಬಂತು. ಭಾನುವಾರವಿಡೀ ಅಯಸ್ಕಾಂತ ಹಿಡಿದು ಗೌರಿಯ ಹಿಂದೆ ಕುಳಿತೆ. ಸೆಗಣಿಯನ್ನು ನೀರಿನಲ್ಲಿ ಕದಡಿ ಅಯಸ್ಕಾಂತ ಅದ್ದಿದರೆ ಕರಿಪುಡಿ ಮೀಸೆಯಂತೆ ಅಂಟಿ ಬಂತು. ಅಷ್ಟು ಒಳ್ಳೆಯ ಫಲಿತಾಂಶ ನನಗೆ ಪ್ರಯೋಗಾಲಯದಲ್ಲೂ ಸಿಕ್ಕಿರಲಿಲ್ಲ.

"ಅಪ್ಪ ಫೋನ್ ಮಾಡಿದ್ದರು. ಅಳಿಯ ಎಲ್ಲಿ ಅಂತ ಕೇಳಿದರು. ದನದ ಹಿಂದೆ ಇದ್ದಾರೆ ಅಂದೆ," ಎಂದಳು ವನಜ.

ಪುಡಿಯ ಜೊತೆ ಹುಲ್ಲಿನ ನಾರೂ ಬಂದಿತ್ತೆಂದು ತಿಳಿದದ್ದು ಸೋಮವಾರ ಅದನ್ನೇ ಹಾಕಿ ಸೋಸುವ ಯಂತ್ರ ಶುರುಮಾಡಿದ ಮೇಲೆ. ಪೊರೆ ಹಿಂದೆಂದೂ ಇಲ್ಲದ ವೇಗದಲ್ಲಿ ಕಟ್ಟಿಕೊಂಡಿತು. ಪರೀಕ್ಷಕರು ಮೂಗಿಗೆ ಕರವಸ್ತ್ರ ಹಿಡಿದು, "ಮಾದರಿಯ ಮೂಲ ಯಾವುದು?" ಎಂದು ಕೇಳಿದರು. ನಾನು ಗೌರಿಯ ಹೆಸರು ಹೇಳಲಿಲ್ಲ. ಎಲ್ಲವನ್ನೂ ಮೊದಲಿನಿಂದ ಮಾಡಬೇಕೆಂದು ತೀರ್ಪಾಯಿತು.

ಸಂಜೆ ಗಿರಿಜಕ್ಕ ಹಿಂಬಾಗಿಲಿಗೆ ಬಂದರು. "ಪರೀಕ್ಷೆ ಎಂತ ಆಯ್ತು ಮಾಸ್ಟ್ರೇ?"

"ಪೊರೆ ಕಟ್ಟಿಕೊಂಡಿತು."

"ಪಾಪ. ನಮ್ಮ ಗೌರಿಗೆ ಎಂತದೂ ಆಗಲಿಲ್ಲ ನೋಡಿ," ಎಂದು ಖಾಲಿ ಬಕೆಟ್ ಮುಂದೆ ಚಾಚಿದರು. "ಅಕ್ಕಚ್ಚು ಉಂಟಾ?"

ನಾನೇ ತುಂಬಿಸಿ ಕೊಟ್ಟೆ. ನನ್ನ ಸಂಶೋಧನೆಯಿಂದ ಅಲ್ಲಿಯವರೆಗೆ ಹೊಟ್ಟೆ ತುಂಬಿದ್ದು ಗೌರಿಗೆ ಮಾತ್ರ.