ಡ್ರಿಲ್ ಮಾಸ್ತರರ ಮೀಸೆಯೂ ಆರ್ಕಿಡ್ಡಿನ ಎಸಳೂ

ಎಲೈ ಧಾರವಾಡದ ಪುಷ್ಪಪ್ರಿಯ ಮಹಾಜನರೇ, ಕಿವಿಗೊಟ್ಟು ಆಲಿಸಿ! ಬಾಲ್ಕನಿಗೊಂದು ಕುಂಡ, ಕುಂಡಕ್ಕೊಂದು ಕೀರ್ತಿ ಎಂಬ ಈ ಕುಸುಮಯುಗದಲ್ಲಿ, ಒಂದೇ ಸೀಟಿಯಿಂದ ಶಾಲೆಗೆ ಶಾಲೆಯನ್ನೇ ನಡುಗಿಸಿದ ನಿವೃತ್ತ ಡ್ರಿಲ್ ಮಾಸ್ತರರೂ, ನಿಂಬೆಹಣ್ಣು ನಿಲ್ಲಬಲ್ಲ ಮೀಸೆಯ ಒಡೆಯರೂ ಆದ ಮಲ್ಲಸರ್ಜಪ್ಪ ಇಂಗಳಹಳ್ಳಿಯವರ ಮಹಾಸಾಹಸವಿದು.

ವರ್ಷಗಟ್ಟಲೆ ಬರೀ ಎಲೆ ತೋರಿಸಿ ಅಣಕಿಸಿದ್ದ ಅವರ ಸ್ಲಿಪ್ಪರ್ ಆರ್ಕಿಡ್ ಆ ವಾರ ಮೊಟ್ಟಮೊದಲು ಅರಳಿತ್ತು. ನಡುವೆ ಪುಟ್ಟ ಪಾದುಕೆಯಂಥ ತುಟಿ. ಅದರ ಎಡಬಲಕ್ಕೆ ಸುರುಳಿಸುತ್ತಿ ಮೊಳದುದ್ದ ಇಳಿಬಿದ್ದ, ಉಸಿರು ತಾಗಿದರೂ ಕಂಪಿಸುವ ಎರಡು ಎಸಳು. ಒಂದು ಮುರಿದರೂ ಅಂದಿನ ಫಲಪುಷ್ಪ ಪ್ರದರ್ಶನದಲ್ಲಿ ಪ್ರವೇಶವಿಲ್ಲ.

"ಈ ಕೋಮಲದಳಗಳಿಗೆ ಕೇಡು ಬಗೆದವನು ಮೊದಲು ಈ ಮಲ್ಲಸರ್ಜನ ದೇಹವನ್ನು ದಾಟಬೇಕು!" ಎಂದು ಗರ್ಜಿಸಿ ಮಾಸ್ತರರು ಕುಂಡವನ್ನೆತ್ತಿದರು.

"ದಾಟೋದು ಆಮ್ಯಾಲ. ಟಂಟಂ ಹೊಂಟೈತಿ, ಲಗೂನ ಹತ್ರಿ," ಎಂದರು ಪತ್ನಿ ನಾಗಲಾಂಬಿಕಾ.

ಜನನಿಬಿಡವಾದ ಆ ತ್ರಿಚಕ್ರರಥದಲ್ಲಿ ವೈರಿ ಎದುರಿನ ಸೀಟಿನಲ್ಲೇ ಕುಳಿತಿತ್ತು: ತಾಯಿಯ ತೊಡೆಯೇರಿದ, ಜೊಲ್ಲುಧಾರಾಲಂಕೃತ, ಹಲ್ಲು ಮೂಡುತ್ತಿದ್ದ ಹೆಣ್ಣುಕೂಸು! ತಾಯಿಯ ಸರವನ್ನು ಜಗ್ಗಿ, ಪಕ್ಕದವರ ಚೀಲದ ಹಿಡಿಯನ್ನು ಚೀಪಿ, ಅದೀಗ ಜೋತಾಡುತ್ತಿದ್ದ ಎಸಳುಗಳನ್ನು ಕಂಡಿತು. ಕಣ್ಣರಳಿತು. ಕೈ ಚಾಚಿತು. ಮಾಸ್ತರರು ಕುಂಡವನ್ನು ಎಡಕ್ಕೆ ತಿರುಗಿಸಿದರೆ ಮುದುಕರ ಕೊಡೆ, ಬಲಕ್ಕೆ ತಿರುಗಿಸಿದರೆ ಮೀನಿನ ಬುಟ್ಟಿ. ಅಷ್ಟರಲ್ಲಿ ಗಾಡಿ ತಗ್ಗಿಗೆ ಇಳಿಯಿತು; ಕೂಸು ಮುನ್ನುಗ್ಗಿತು. ಬೇರೆ ದಾರಿ ಕಾಣದೆ ಆ ವೀರಾಗ್ರಣಿ ಎಸಳಿಗೂ ಕೈಗೂ ನಡುವೆ ತಮ್ಮ ಮುಖವನ್ನೇ ಒಡ್ಡಿದರು.

ಎಡಮೀಸೆ ಸೆರೆಯಾಯಿತು.

"ಎಳೆ ಕಂದಾ, ಎಳೆ!" ಎಂದರು ಮಾಸ್ತರರು, ಕಣ್ಣಲ್ಲಿ ನೀರು ತುಂಬಿಕೊಂಡು. "ಹೂವೊಂದನ್ನು ಬಿಟ್ಟು ಏನನ್ನಾದರೂ ಎಳೆ!"

"ಅಯ್ಯ ಶಿವನ! ಬಿಡಸ್ತೀನ್ರಿ ಅಜ್ಜಾರ," ಎಂದು ತಾಯಿ ಬೆರಳು ಬಿಡಿಸಹೋದಷ್ಟೂ ಮುಷ್ಟಿ ಬಿಗಿಯಿತು. ಕೊನೆಗೆ ವಿಜಯದಿಂದ ತೃಪ್ತವಾದ ಕೂಸು, ಮೀಸೆ ಹಿಡಿದಂತೆಯೇ ನಿದ್ದೆಹೋಯಿತು. ಪ್ರದರ್ಶನದ ಸಭಾಂಗಣವೂ ಆಗಲೇ ಬಂತು.

"ನಾಗಲಾಂಬಿಕೇ! ಕುಸುಮವನ್ನು ಕೊಂಡು ನಡೆ! ನನ್ನ ಆಸೆ ಬಿಡು!"

"ಮೆಲ್ಲಕ ಒದರ್ರಿ, ಕೂಸು ಏಳ್ತೈತಿ," ಎಂದು ಆಕೆ ಹಣೆ ಚಚ್ಚಿಕೊಂಡು, ಕುಂಡ ಹಿಡಿದು ಇಳಿದರು. ರಥವು ಬಾಗಿದ ಬೆನ್ನಿನ ಮಾಸ್ತರರನ್ನು ಕೊನೆಯ ಸ್ಟಾಪಿನವರೆಗೂ ಒಯ್ದಿತು. ಅಲ್ಲಿ ಕೂಸು ಆಕಳಿಸಿ, ಮೀಸೆ ಬಿಟ್ಟು, ಇವರ ಮುಖ ನೋಡಿ ಹೆದರಿ ಅತ್ತಿತು.

ಮರಳಿ ಓಡೋಡಿ ಬಂದವರು ಬಾಗಿಲಲ್ಲೇ ಏದುಸಿರುಬಿಟ್ಟರು: "ಎಸಳು?"

"ಎರಡೂ ಗಟ್ಟಿ ಅದಾವ್ರಿ. ಸಮಾಧಾನಕರ ಬಹುಮಾನ ಬಂತು."

"ಸಮಾಧಾನಕರ? ಮತ್ತ ಮೊದಲನೇದು?"

"ಬದನಿಕಾಯಿಗೆ."

ಮಾಸ್ತರರ ನರನಾಡಿಗಳಲ್ಲಿ ರೋಷಾಗ್ನಿ ಭುಗಿಲೆದ್ದಿತು. ಜನರನ್ನು ಸೀಳುತ್ತ, ಒಂದು ಮೀಸೆ ಮೇಲಕ್ಕೂ ಇನ್ನೊಂದು ಗದ್ದಕ್ಕೂ ನಿಂತ ಆ ರೌದ್ರಮೂರ್ತಿ ಮೊದಲ ಬಹುಮಾನದ ಬುಟ್ಟಿಯೆದುರು ಹೋಗಿ ನಿಂತರು. ಎಳೆ ಮುಳ್ಳುಬದನೆಗಳು ಮಿರಿಮಿರಿ ಮಿಂಚುತ್ತಿದ್ದವು. ಬಹಳ ಹೊತ್ತು ನೋಡಿದರು. ಬಾಗಿದರು. ಒಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ನಾಗಲಾ, ಎಣ್ಣಿಗಾಯಿಗೆ ಭಾಳ ಛಲೋ ಅದಾವ," ಎಂದರು ಮೆಲ್ಲಗೆ. "ಕೊಡ್ತಾರೇನು ಕೇಳು."