ಯಂತ್ರ ಓದದ ಮಾತು

ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಎಡವಟ್ಟಿಲ್ಲದ ವಾರವೇ ಇರಲಿಲ್ಲ. ಬೈಗುಳ ಯಂತ್ರಕ್ಕೆ, ಎಡವಟ್ಟು ಮಾತ್ರ ನಮ್ಮದು.

ಎಂಬತ್ತರ ದಶಕ, ಪೀಣ್ಯದ ಒಂದು ಕಾರ್ಖಾನೆ. ನಾನಿನ್ನೂ ಪ್ರೊಬೇಶನ್ನಿನಲ್ಲಿದ್ದೆ. ಕೆಲಸ ಕಾಯಂ ಆಗುವ ಮೊದಲೇ ಅಪ್ಪ ನಮ್ಮೂರು ಕಾಡುಗೋಡಿಯಲ್ಲೆಲ್ಲ ಸಿಹಿ ಹಂಚಿಬಿಟ್ಟಿದ್ದರು. ಹೊರಗೆ ಹಾಕಿದರೆ ಆ ಕಡೆ ತಲೆ ಹಾಕುವ ಹಾಗಿರಲಿಲ್ಲ.

೧. ಸಾಂಬಾರು ಪುಡಿ

ಮುಂದೆ ಓದುವವರಿಗೆ ಅರ್ಥವಾಗಲೆಂದು ಪ್ರೋಗ್ರಾಮಿನ ನಡುವೆ ಬರೆದಿಡುವ ಮಾತಿಗೆ ಕಾಮೆಂಟ್ ಅನ್ನುತ್ತಾರೆ. ಯಂತ್ರ ಅದನ್ನು ಓದುವುದಿಲ್ಲ. ಅದೇ ನಮ್ಮ ಧೈರ್ಯ. ಹತ್ತು ಸಾಲಿಗೊಂದು ಕಾಮೆಂಟ್ ಇರಲೇಬೇಕೆಂದು ಮ್ಯಾನೇಜರ್ ನಿಯಮ ಮಾಡಿದರು. ಪ್ರತಿ ಶನಿವಾರ ಗ್ರೆಪ್ ಎಂಬ ಹುಡುಕುವ ಆಜ್ಞೆ ಕೊಟ್ಟು ಎಣಿಸುತ್ತಿದ್ದರು.

"ಎಣಿಸ್ತಾರೆ ಗುರು, ಓದಲ್ಲ" ಎಂದ ಪಕ್ಕದ ಮೇಜಿನವನು, ತನ್ನ ತಾಯಿಯ ಸಾಂಬಾರು ಪುಡಿಯ ವಿಧಾನವನ್ನು ಇಂಗ್ಲಿಷ್ ಅಕ್ಷರದಲ್ಲಿ ಸಾಲುಸಾಲಾಗಿ ತುಂಬಿದ. ಆ ವಾರ ಅವನಿಗೇ ಶಭಾಷ್‌ಗಿರಿ. ಮೆಂತ್ಯ ಹುರಿಯುವಲ್ಲಿಗೆ ನಿಲ್ಲಿಸಿದ್ದನಂತೆ, ಮುಂದಿನ ವಾರಕ್ಕೂ ಬೇಕಲ್ಲ!

೨. ನನ್ನ ವಿವರಣೆ

ಕಾಮೆಂಟಿನ ಗುರುತಿನಲ್ಲಿ ನಕ್ಷತ್ರ ಚಿಹ್ನೆ ಇರುತ್ತದೆ. ಬರೀ ನಕ್ಷತ್ರ ಹುಡುಕಿದರೆ ಸಾಕೆಂದು ಮ್ಯಾನೇಜರಿಗೆ ಹೊಳೆಯಿತು. ಗುಣಾಕಾರಕ್ಕೂ ಅದೇ ಚಿಹ್ನೆ ಎನ್ನುವುದು ಹೊಳೆಯಲಿಲ್ಲ. ನನ್ನ ಕಬ್ಬಿಣದ ತೂಕದ ಪ್ರೋಗ್ರಾಮಿನಲ್ಲಿ ಕಾಮೆಂಟ್ ಒಂದೂ ಇಲ್ಲ, ಬರೀ ಗುಣಾಕಾರ.

"ಎಷ್ಟ್ ಚೆನ್ನಾಗಿ ವಿವರಿಸಿದ್ದೀಯಯ್ಯಾ!" ಎಂದು ಬೆನ್ನು ತಟ್ಟಿದರು.

"ನಿಮ್ಮ ಆಶೀರ್ವಾದ ಸಾರ್" ಎಂದೆ. ಕಾಯಂ ಆಗದವನು ಮೇಲಿನವರ ಲೆಕ್ಕ ತಿದ್ದಬಾರದು.

೩. ಡೈರೆಕ್ಟರ್ ಕೇಳಿದ ಪಟ್ಟಿ

ಉಗ್ರಾಣದ ಲೆಕ್ಕವಿಡುವ ಸ್ಟೋರ್ಸ್ ಪ್ರೋಗ್ರಾಮಿನ ಕಾಮೆಂಟುಗಳನ್ನಷ್ಟೇ ತೆಗೆದು ಪ್ರಿಂಟ್ ಕೊಡಿ ಎಂದು ಡೈರೆಕ್ಟರ್ ಹೇಳಿ ಕಳಿಸಿದರು. ಅದರಲ್ಲಿ ನಾನು ಬರೆದ ಸಾಲುಗಳೂ ಇದ್ದವು. ಪ್ರತಿ ಕಾಮೆಂಟಿನ ಕೊನೆಗೆ ಬರೆದವರ ಇನಿಶಿಯಲ್ ಇರುತ್ತಿತ್ತು. ಪ್ರಿಂಟರ್ ಪಕ್ಕದಲ್ಲೇ ಮ್ಯಾನೇಜರ್ ನಿಂತರು. ಗರಗರ ಎಂದು ಬಂತು ನನ್ನ ಸಾಲು: "ಎಷ್ಟು ಹೇಳಿದರೂ ಮ್ಯಾನೇಜರಿಗೆ ಅರ್ಥವಾಗಿಲ್ಲ. ಅವರು ಹೇಳಿದಂತೆ ತಪ್ಪಾಗಿಯೇ ಬರೆದಿದ್ದೇನೆ."

"ಇದು ನಿಂದೇನಯ್ಯಾ?"

"ಹೌದು ಸಾರ್" ಎಂದೆ. ಕೆಲಸ ಹೋಯಿತು ಅಂದುಕೊಂಡೆ.

ಅಷ್ಟರಲ್ಲಿ ಇನ್ನೊಂದು ಹಳೆಯ ಸಾಲು ಬಂತು: "ಡೈರೆಕ್ಟರ್ ನಿದ್ದೆಯಿಂದ ಎದ್ದ ಮೇಲೆ ಇದನ್ನು ಕೇಳಿ ಸರಿಪಡಿಸಬೇಕು." ಕೆಳಗೆ ಮ್ಯಾನೇಜರ್ ಸಾಹೇಬರದೇ ಇನಿಶಿಯಲ್.

ಮ್ಯಾನೇಜರ್ ಆ ಹಾಳೆ ಹರಿದು, ಮಡಚಿ ಜೇಬಿಗಿಟ್ಟುಕೊಂಡರು.

"ಡೈರೆಕ್ಟರ್ ಅನ್ನೋ ಪದ ಇರೋ ಸಾಲೆಲ್ಲ ಬಿಟ್ಟು ಇನ್ನೊಂದ್ಸಲ ಪ್ರಿಂಟ್ ತೆಗಿ" ಎಂದರು ಮೆಲ್ಲಗೆ.

"ಮ್ಯಾನೇಜರ್ ಅನ್ನೋದು ಸಾರ್?"

"ಅದನ್ನೂ ಬಿಡು. ನಿನ್ನ ಕಾಯಂ ಲೆಟರ್ ಇವತ್ತೇ ಟೈಪ್ ಮಾಡಿಸ್ತೀನಿ."

ಆರು ಪುಟದ ಪಟ್ಟಿ ಅರ್ಧ ಪುಟಕ್ಕಿಳಿಯಿತು. ಡೈರೆಕ್ಟರ್ ಓದಿ ತಲೆದೂಗಿದರು: "ಇಷ್ಟು ದೊಡ್ಡ ಪ್ರೋಗ್ರಾಮಿಗೆ ಇಷ್ಟೇ ಮಾತಾ! ನಿಮ್ಮೋರು ಮಿತಭಾಷಿಗಳು ಕಣ್ರೀ."